ಬೆಂಗಳೂರು ನಾಗರತ್ನಮ್ಮನಿಗೆ ಸಿಕ್ಕ ರಾಧೆ

1911ರಲ್ಲಿ ನಮ್ಮ ಸಿರುಗುಪ್ಪ ತಾಲ್ಲೂಕಿನ ದೇಶನೂರು ಮದ್ರಾಸ್ ಪ್ರಾಂತದ ಊರು. ಸಿರುಗುಪ್ಪ, ಕುರುಗೋಡು, ಬಳ್ಳಾರಿ ಎಲ್ಲವೂ ಹಾಗೆಯೇ. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ದಿನದಿಂದ 1953ರ ಅಕ್ಟೋಬರ್ 1ರಂದು ನಾವು ಮೈಸೂರಿಗೆ ಸೇರುವವರೆಗೆ ನಮ್ಮ ಕಂದಾಯ, ಕೋರ್ಟು, ಪೊಲೀಸು ಎಲ್ಲದರ ಹಿಡಿಕೆ ಮದ್ರಾಸಿನಲ್ಲಿತ್ತು. ಮನೆಯೊಳಗೆ ಕನ್ನಡ, ಸಂತೆಗೆ ಹೋದರೆ ಕನ್ನಡದ ಜೊತೆ ತೆಲುಗು. ಬಳ್ಳಾರಿಯ ರಂಗದ ಮೇಲೆ ಧರ್ಮವರಂ ಕೃಷ್ಣಮಾಚಾರ್ಯರ ತೆಲುಗು ನಾಟಕ ನೋಡಿದ ಜನವೇ ಊರಿಗೆ ಬಂದು ಕನ್ನಡದ ಬಯಲಾಟಕ್ಕೂ ಕೂರುತ್ತಿದ್ದರು. ಅಂಥ ಸೀಮೆಗೂ ಅನ್ವಯಿಸುವಂತೆ ಮದ್ರಾಸ್ ಸರ್ಕಾರ ಆ ವರ್ಷ ಒಂದು ತೆಲುಗು ಕಾವ್ಯದ ಮೇಲೆ ಕಣ್ಣಿಟ್ಟಿತು. ಪುಸ್ತಕ ಅಶ್ಲೀಲ ಎಂಬ ತಕರಾರು ಎದ್ದಿತು, ಪ್ರತಿಗಳನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಾವ್ಯವನ್ನು ಅಂಗಡಿಯಲ್ಲಿಟ್ಟು ಮಾರುವುದು ಮದ್ರಾಸಿನಲ್ಲಿ ಹೇಗೆ ಅಪರಾಧವೋ ಸಿರುಗುಪ್ಪದಲ್ಲಿಯೂ ಹಾಗೆಯೇ ಅಪರಾಧ.

ಕಾವ್ಯದ ಹೆಸರು ‘ರಾಧಿಕಾ ಸಾಂತ್ವನಮು’. ಬರೆದವಳು ಹದಿನೆಂಟನೇ ಶತಮಾನದ ತಂಜಾವೂರಿನ ಮುದ್ದುಪಳನಿ. ಅದನ್ನು ಹುಡುಕಿ, ಹಸ್ತಪ್ರತಿಯೊಂದಿಗೆ ಹೋಲಿಸಿ, ಬಿಟ್ಟುಹೋದದ್ದನ್ನು ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಕನ್ನಡದ ಹೆಣ್ಣುಮಗಳು, ಬೆಂಗಳೂರು ನಾಗರತ್ನಮ್ಮ. ಸಂಗೀತ ಬಲ್ಲವರಿಗೆ ಈ ಹೆಸರು ಗೊತ್ತು. ತಿರುವೈಯಾರಿನ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ತಾಯಿ ಎಂದು ಕೈಮುಗಿಯುತ್ತಾರೆ. ಆದರೆ ಅವರ ಮೊದಲ ದೊಡ್ಡ ಕೆಲಸ ಗುಡಿಯಲ್ಲ, ಈ ಪುಸ್ತಕ. ಅಷ್ಟೊಂದು ಪಂಡಿತರಿದ್ದ ಕಾಲದಲ್ಲಿ ಅದು ಇವರ ಕಣ್ಣಿಗೇ ಏಕೆ ಬಿತ್ತು ಎಂದು ತಿಳಿಯಬೇಕಾದರೆ ಅವರ ಬಾಲ್ಯಕ್ಕೆ ಹೋಗಬೇಕು.

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಿ, ದೇವದಾಸಿ ಮನೆತನದವರು. ತಂದೆ ಮೈಸೂರಿನ ವಕೀಲ ಸುಬ್ಬರಾವ್. ಮಗು ಇನ್ನೂ ಚಿಕ್ಕದಿರುವಾಗಲೇ ಸುಬ್ಬರಾವ್ ತಾಯಿ ಮಗಳಿಬ್ಬರನ್ನೂ ಬಿಟ್ಟರು. ಪುಟ್ಟಲಕ್ಷ್ಮಿಗೆ ಆಗ ಆಸರೆಯಾದದ್ದು ಮೈಸೂರು ಆಸ್ಥಾನದ ವಿದ್ವಾಂಸ ಗಿರಿಭಟ್ಟರ ತಮ್ಮಯ್ಯ. ಹುಡುಗಿಗೆ ಸಂಸ್ಕೃತ, ಸಂಗೀತದ ಮೊದಲ ಪಾಠ ಅವರಿಂದಲೇ. ಚುರುಕು ಹುಡುಗಿ, ಪಾಠ ಬೇಗ ಹತ್ತಿತು. ಆದರೆ ಆ ಆಸರೆಯೂ ಉಳಿಯಲಿಲ್ಲ. ಗುರು ಪಾಠವನ್ನು ಅರ್ಧಕ್ಕೆ ನಿಲ್ಲಿಸಿದರು, ಹುಡುಗಿಯ ಯೋಗ್ಯತೆಯನ್ನೇ ಹಗುರವಾಗಿ ಕಂಡು ಕೈಬಿಟ್ಟರು. ಮಗಳು ವಿದುಷಿ ಎನಿಸಿಕೊಳ್ಳುವವರೆಗೆ ಮೈಸೂರಿಗೆ ಕಾಲಿಡುವುದಿಲ್ಲ ಎಂದು ತಾಯಿ ಪಣತೊಟ್ಟು ಹೊರಟರೆಂದು ಅವರ ಜೀವನಕಥೆ ಹೇಳುತ್ತದೆ.

ಎರಡು ಸಂಬಂಧ, ಎರಡರಲ್ಲೂ ಒಂದೇ ತೀರ್ಪು. ತಂದೆಯ ಕಣ್ಣಿನಲ್ಲಿ ಈ ತಾಯಿ ಮಗಳು ಜೊತೆಯಲ್ಲಿಟ್ಟುಕೊಳ್ಳುವಷ್ಟು ತೂಕದವರಲ್ಲ. ಗುರುವಿನ ಕಣ್ಣಿನಲ್ಲಿ ಈ ಹುಡುಗಿ ಪೂರ್ತಿ ಕಲಿಸುವಷ್ಟು ಯೋಗ್ಯಳಲ್ಲ. ಪುಟ್ಟಲಕ್ಷ್ಮಿಯ ಮುಂದೆ ಈಗ ಇದ್ದದ್ದು ಒಂದೇ ಕೆಲಸ: ಆ ತೀರ್ಪು ಸುಳ್ಳೆಂದು ಬಾಯಲ್ಲಿ ಹೇಳದೆ ಮಗಳ ಕಂಠದಲ್ಲಿ ತೋರಿಸುವುದು. ಪಿಟೀಲು ನುಡಿಸುತ್ತಿದ್ದ ಬಂಧು ವೆಂಕಟಸ್ವಾಮಪ್ಪ ನೆರವಿಗೆ ಬಂದರು. ಬೆಂಗಳೂರಿನಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಸಂಗೀತ ಮುಂದುವರಿಯಿತು. ಕನ್ನಡ, ತೆಲುಗು, ಸಂಸ್ಕೃತದ ಜೊತೆ ಇಂಗ್ಲಿಷೂ ಬಂತು, ನೃತ್ಯವೂ ಬಂತು. ಹದಿನಾಲ್ಕರ ವಯಸ್ಸಿಗೆ ತಾಯಿ ತೀರಿಕೊಂಡರು. ಹದಿನೈದಕ್ಕೆ ನಾಗರತ್ನ ಬಲ್ಲವರ ಸಭೆಯ ಮುಂದೆ ನಿಂತರು. ಮುಂದೆ ಮೈಸೂರು ಅರಮನೆಯಲ್ಲಿಯೂ ಹಾಡಿದರು. ತಾಯಿಯ ಪಣ ತೀರಿತು, ಅದನ್ನು ನೋಡಲು ತಾಯಿ ಇರಲಿಲ್ಲ.

ಅವರ ಬದುಕಿನಲ್ಲಿ ಬಂದ ಗಂಡಸರೆಲ್ಲ ಕೈಬಿಟ್ಟವರೇ ಅಲ್ಲ, ಅದನ್ನೂ ಹೇಳಬೇಕು. ನ್ಯಾಯಾಧೀಶ ನರಹರಿ ರಾವ್ ಅವರ ಆಸರೆಯಲ್ಲಿ ಬೆಂಗಳೂರಿನ ವರ್ಷಗಳು ಕಳೆದವು. ಹನುಮಂತನಗರದ ಗುಡ್ಡ ಇವತ್ತಿಗೂ ಅವರ ಹೆಸರಿನದು. ಈ ವಿದ್ಯೆಗೆ ಬೆಂಗಳೂರು ಸಾಲದು, ಮದ್ರಾಸಿಗೆ ಹೋಗು ಎಂದು ಹೇಳಿದವರೂ ಅವರೇ. ತಾನು ಪ್ರೀತಿಸುವ ಹೆಣ್ಣು ತನ್ನಿಂದ ದೂರ ಹೋಗಿಯೇ ಬೆಳೆಯಬೇಕೆಂದು ತಿಳಿದು ಕಳಿಸಿಕೊಡುವುದು ಸಣ್ಣ ಮಾತಲ್ಲ. ಮದ್ರಾಸಿನಲ್ಲಿ ನಾಗರತ್ನಮ್ಮ ಗೆದ್ದರು. ಕಚೇರಿ, ಗ್ರಾಮಫೋನ್ ತಟ್ಟೆ, ಸ್ವಂತ ಗಳಿಕೆ. ಆ ಊರಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಇವರೇ ಎನ್ನುತ್ತಾರೆ. ಕೈಯಲ್ಲಿ ಹಣವಿತ್ತು, ಮನೆಯಲ್ಲಿ ಪುಸ್ತಕಗಳಿದ್ದವು, ಓದುವ ಹಸಿವು ಇತ್ತು. ಹುಡುಕಾಟಕ್ಕೆ ಈ ಮೂರೂ ಬೇಕಾದವು.

ಆ ಹುಡುಕಾಟ ಶುರುವಾದದ್ದು ಬೇರೊಬ್ಬರ ಪುಸ್ತಕದ ನಡುವಿನಿಂದ. ತಂಜಾವೂರಿನ ಕಾಲದ ತೆಲುಗು ಸಾಹಿತ್ಯದ ಮೇಲೆ ಬರೆದ ವಿಮರ್ಶೆಯೊಂದನ್ನು ಅವರು ಓದುತ್ತಿದ್ದರು. ಅದರಲ್ಲಿ ಮುದ್ದುಪಳನಿ ಎಂಬ ಕವಯಿತ್ರಿಯ ಪ್ರಸ್ತಾಪ, ಅವಳ ಕಾವ್ಯದ ಮೆಚ್ಚುಗೆ, ಉದಾಹರಣೆಗೆ ಕೆಲವು ಪದ್ಯ. ತಮಗಿಂತ ನೂರೈವತ್ತು ವರ್ಷ ಹಿಂದೆ ತಮ್ಮದೇ ಕುಲದಲ್ಲಿ ಹುಟ್ಟಿ ದೊಡ್ಡ ಕಾವ್ಯ ಬರೆದವಳು! ಅದೇ ಹೆಸರು ಅದಕ್ಕೂ ಮೊದಲು ಇನ್ನೊಂದು ಕಡೆ ಬಂದಿತ್ತು, ಆದರೆ ಬೇರೆ ರೀತಿಯಲ್ಲಿ. ಆಂಧ್ರದ ದೊಡ್ಡ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ತಮ್ಮ ‘ಆಂಧ್ರ ಕವುಲ ಚರಿತ್ರಮು’ವಿನಲ್ಲಿ ಮುದ್ದುಪಳನಿಗೆ ಕೆಲವು ಸಾಲು ಕೊಟ್ಟಿದ್ದರು. ಅವಳಿಗೆ ಸಂಗೀತ, ಸಾಹಿತ್ಯ ತಿಳಿದಿತ್ತೆಂದು ಒಪ್ಪಿಕೊಂಡ ಅದೇ ಉಸಿರಿನಲ್ಲಿ ಅವಳು ವೇಶ್ಯೆ, ಹೆಣ್ಣಿಗೆ ಸಹಜವಾದ ನಾಚಿಕೆ ಅವಳಿಗಿಲ್ಲ, ಶೃಂಗಾರದ ನೆವದಲ್ಲಿ ಹೆಣ್ಣಿನ ಕಿವಿಗೆ ಬೀಳಬಾರದ್ದನ್ನು ಹೆಣ್ಣಿನ ಬಾಯಿಂದಲೇ ಹೇಳಿಸಿದ್ದಾಳೆ ಎಂಬ ಅರ್ಥ ಬರುವಂತೆ ತಳ್ಳಿಹಾಕಿದ್ದರು.

ವೀರೇಶಲಿಂಗಂ ಸಾಮಾನ್ಯರಲ್ಲ. ವಿಧವೆಯರ ಮದುವೆ ಮಾಡಿಸಿ ಊರವರ ಬಹಿಷ್ಕಾರ ಉಂಡವರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ಅವರ ಮೇಲೆ ನನಗೆ ಗೌರವವಿದೆ. ಅಂಥವರ ಮಾತಾದದ್ದರಿಂದಲೇ ಅದಕ್ಕೆ ಬಲ ಹೆಚ್ಚು. ಸಾಧಾರಣ ಓದುಗ ‘ಪಂತುಲುಗಾರೇ ಹೀಗಂದ ಮೇಲೆ ಅದರಲ್ಲೇನಿದ್ದೀತು’ ಎಂದು ಪುಟ ತಿರುಗಿಸುತ್ತಾನೆ. ನಾಗರತ್ನಮ್ಮ ತಿರುಗಿಸಲಿಲ್ಲ. ವಿದ್ಯೆಯನ್ನು ಪಕ್ಕಕ್ಕಿಟ್ಟು ಹುಟ್ಟನ್ನು ತೂಗುವ ತಕ್ಕಡಿ ಅವರಿಗೆ ಬಾಲ್ಯದಿಂದ ಪರಿಚಯ. ತಾನು ಅದರಲ್ಲಿ ತೂಗಿಸಿಕೊಂಡು ಬಂದವಳು. ಆ ತೂಕ ಸುಳ್ಳೆಂದು ಪುಸ್ತಕದಿಂದಲ್ಲ, ಬದುಕಿನಿಂದ ಬಲ್ಲವಳು. ಆದ್ದರಿಂದ ಮುದ್ದುಪಳನಿಯ ಮೇಲಿನ ತೀರ್ಪು ಕಂಡಾಗ ಮೂಡಿದ ಪ್ರಶ್ನೆ ಬೇರೆಯದು: ಹಾಗಾದರೆ ಆ ಪುಸ್ತಕ ಎಲ್ಲಿದೆ?

ನಮ್ಮ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನವಿದೆ. ರಾಜನ ಹೆಸರನ್ನೇ ಹೇಳುವ ಅಪರೂಪದ ನಾಲ್ಕು ಶಾಸನಗಳಲ್ಲಿ ಅದೊಂದು. ಎರಡು ಸಾವಿರ ವರ್ಷ ಆ ಬಂಡೆ ತುಂಗಭದ್ರೆಯ ದಂಡೆಯಲ್ಲೇ ಇತ್ತು, ದನ ಕಾಯುವವರೂ ಗದ್ದೆಗೆ ಹೋಗುವವರೂ ಅದರ ಪಕ್ಕದಲ್ಲೇ ಓಡಾಡಿದರು. ಲಿಪಿ ಬಲ್ಲವರ ಕಣ್ಣಿಗೆ ಬಿದ್ದದ್ದು 1970ರ ದಶಕದಲ್ಲಿ. ರಾಧಿಕಾ ಸಾಂತ್ವನಮು ಕೂಡ ಹಾಗೆ ಬಯಲಲ್ಲೇ ಇದ್ದ ವಸ್ತು. ಕಡಪದಲ್ಲಿ ಅಧಿಕಾರಿಯಾಗಿದ್ದು ತೆಲುಗು ಹಸ್ತಪ್ರತಿಗಳನ್ನು ರಾಶಿರಾಶಿಯಾಗಿ ಕಲೆಹಾಕಿದ ಸಿ.ಪಿ. ಬ್ರೌನ್ ಅವರ ಜೊತೆಗಿದ್ದ ಪೈಡಿಪಾಟಿ ವೆಂಕಟನರಸು ಅದಕ್ಕೆ ವ್ಯಾಖ್ಯಾನ ಬರೆದು 1887ರಲ್ಲಿ ಅಚ್ಚು ಹಾಕಿಸಿದ್ದರು. ಅಂದರೆ ಪುಸ್ತಕ ಇರಲಿಲ್ಲವೆಂದಲ್ಲ. ಓದಬೇಕೆಂಬ ಮನಸ್ಸಿನವರಿಗೆ ಸಿಗುವ ಹಾಗಿರಲಿಲ್ಲ, ಸಿಕ್ಕವರು ಮನಸ್ಸಿಟ್ಟು ಓದಿರಲಿಲ್ಲ.

ಬಹಳ ಕಷ್ಟಪಟ್ಟು ನಾಗರತ್ನಮ್ಮ ಆ ಅಚ್ಚಾದ ಪ್ರತಿಯನ್ನು ದೊರಕಿಸಿಕೊಂಡರು. ಅದು ತಪ್ಪುಗಳಿಂದ ತುಂಬಿತ್ತು. ಆದರೂ ಓದಿದರು, ಮತ್ತೆ ಮತ್ತೆ ಓದಿದರು. ಎಷ್ಟು ಓದಿದರೂ ಇನ್ನೊಮ್ಮೆ ಓದಬೇಕೆನಿಸುವ ಕಾವ್ಯ ಎಂದು ಮುಂದೆ ಮುನ್ನುಡಿಯಲ್ಲಿ ಹೇಳಿಕೊಂಡರು. ಅಷ್ಟರಲ್ಲಿ ಅವರ ಆಸಕ್ತಿ ತಿಳಿದ ಪರಿಚಯದವರೊಬ್ಬರು ಒಂದು ಹಸ್ತಪ್ರತಿಯನ್ನು ಕಳಿಸಿಕೊಟ್ಟರು. ಈ ಕತೆಯ ನಿಜವಾದ ಆವಿಷ್ಕಾರ ಇಲ್ಲಿಂದ ಮುಂದಿನದು.

ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ಪದ್ಯಕ್ಕೆ ಪದ್ಯ ಹೋಲಿಸಿದರು. ಅಚ್ಚಿನ ಪ್ರತಿಯಲ್ಲಿ ಹಲವು ಪದ್ಯಗಳೇ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕವಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಪೀಠಿಕೆಯೇ ಇರಲಿಲ್ಲ. ತಾನು ತಂಜನಾಯಕಿಯ ಮೊಮ್ಮಗಳು ಎಂದು ಮುದ್ದುಪಳನಿ ಹೆಮ್ಮೆಯಿಂದ ಹೇಳುವ ಭಾಗ ಅದು. ತನ್ನ ಹಾಗೆ ವಿದ್ವಾಂಸರಿಂದ ಮನ್ನಣೆ ಪಡೆದ, ಕಾವ್ಯಗಳ ಅಂಕಿತ ಪಡೆದ ಹೆಣ್ಣು ಇನ್ನಾರಿದ್ದಾಳೆ ಎಂದು ಕೇಳುವ ಭಾಗ. ಹಳೆಯ ಕಾವ್ಯಗಳಲ್ಲಿ ಕವಿಗಳು ತಂದೆ, ತಾತ, ಗೋತ್ರ ಹೇಳಿಕೊಳ್ಳುವುದು ವಾಡಿಕೆ. ಇಲ್ಲಿ ಒಬ್ಬ ಹೆಣ್ಣು ಅಜ್ಜಿಯ ಸಾಲನ್ನು ಅದೇ ಗತ್ತಿನಲ್ಲಿ ಎಣಿಸುತ್ತಾಳೆ. ಅಚ್ಚು ಹಾಕಿಸಿದವರು ಆ ಭಾಗ ಬಿಟ್ಟರು. ಬಿಟ್ಟ ಮೇಲೆ ಕಾವ್ಯ ಉಳಿಯಿತು, ಬರೆದವಳ ಮುಖ ಅಳಿಸಿತು. ತಂದೆಯ ಹೆಸರು ಹೇಳಿಕೊಳ್ಳಲಾಗದ, ತಾಯಿಯ ಹೆಸರಿನಿಂದಲೇ ಬೆಳೆದ ನಾಗರತ್ನಮ್ಮ ಆ ಪೀಠಿಕೆಯನ್ನು ಹಸ್ತಪ್ರತಿಯಲ್ಲಿ ಮೊದಲ ಸಲ ಓದಿದಾಗ ಅವರಿಗೆ ಏನನ್ನಿಸಿರಬೇಕು! ಸಾಹಿತ್ಯ ಚರಿತ್ರೆಕಾರರಿಗೆ ಅದು ಕವಿಕಾಲ ನಿರ್ಣಯದ ಸಾಧನ. ಇವರಿಗೆ ಅದು ಮನೆಯವರ ಮಾತು.

ಕಾವ್ಯದೊಳಗಿನ ಕತೆಯೂ ಹೊರಗಿನ ಕತೆಗೆ ದೂರದ್ದಲ್ಲ. ಒಟ್ಟು 584 ಪದ್ಯ. ರಾಧೆ ಇಳಾ ಎಂಬ ಹುಡುಗಿಯನ್ನು ಸಾಕಿ ಬೆಳೆಸುತ್ತಾಳೆ. ತನ್ನ ಕೃಷ್ಣನಿಗೇ ಅವಳನ್ನು ಕೊಟ್ಟು ಮದುವೆ ಮಾಡಿಸುತ್ತಾಳೆ. ಗಂಡನೊಂದಿಗೆ ಹೇಗಿರಬೇಕೆಂದು ಹುಡುಗಿಗೂ, ಎಳೆಯ ಹೆಂಡತಿಯನ್ನು ಹೇಗೆ ನೋಡಿಕೊಳ್ಳಬೇಕೆಂದು ಕೃಷ್ಣನಿಗೂ ಬುದ್ಧಿ ಹೇಳುತ್ತಾಳೆ. ಆಮೇಲೆ ಕೃಷ್ಣ ಹೊಸಬಳಲ್ಲಿ ಮುಳುಗಿ ಇವಳನ್ನು ಮರೆತಾಗ ಒಳಗೊಳಗೆ ಬೇಯುತ್ತಾಳೆ, ಸಿಟ್ಟಾಗುತ್ತಾಳೆ. ಇಷ್ಟೇ ಆಗಿದ್ದರೆ ಎಲ್ಲರೂ ಬರೆದ ವಿರಹದ ಕಾವ್ಯವಾಗುತ್ತಿತ್ತು. ಮುದ್ದುಪಳನಿಯ ರಾಧೆ ಕಣ್ಣೀರಿಟ್ಟು ಕೃಷ್ಣನ ಬಾಗಿಲಿಗೆ ಹೋಗುವುದಿಲ್ಲ. ಅವನೇ ಬರಬೇಕು, ಅವನೇ ಒಲಿಸಬೇಕು, ಸಮಾಧಾನ ಹೇಳಬೇಕು. ಕಾವ್ಯದ ಹೆಸರೇ ಅದು. ಬಯಕೆ, ಮುನಿಸು, ಹಟ ಎಲ್ಲವೂ ರಾಧೆಯ ಕಡೆಯಿಂದಲೇ ಹೇಳಿಸಿಕೊಳ್ಳುತ್ತವೆ. ‘ಇವಳು ಎಲ್ಲಿಗೆ ಹೋಗುತ್ತಾಳೆ, ಇದ್ದೇ ಇರುತ್ತಾಳೆ’ ಎಂದುಕೊಂಡವನು ತನ್ನ ಎಣಿಕೆ ತಪ್ಪಿತೆಂದು ತಿಳಿಯುವವರೆಗೆ ಕತೆ ನಿಲ್ಲುವುದಿಲ್ಲ. ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ, 1739ರಿಂದ 1763ರವರೆಗೆ ಅವನು ಆಳಿದ ಕಾಲದಲ್ಲಿ, ಒಬ್ಬ ಗಣಿಕೆ ಇದನ್ನು ಬರೆದಳು, ರಾಜಸಭೆ ಕೇಳಿ ಮೆಚ್ಚಿತು. ನೂರೈವತ್ತು ವರ್ಷದ ಮೇಲೆ ಅದೇ ಕಾವ್ಯ ಅಶ್ಲೀಲವಾಯಿತು. ಆ ಹೊತ್ತಿಗೆ ಓದುವವರು ಬದಲಾಗಿದ್ದರು. ಇಂಗ್ಲಿಷ್ ಶಿಕ್ಷಣ ಪಡೆದ ಮಧ್ಯಮವರ್ಗ ತನ್ನ ಮನೆಯ ಹೆಣ್ಣು ಹೇಗಿರಬೇಕೆಂಬ ಅಳತೆಗೋಲಿನಿಂದ ಹಳೆಯ ಸಾಹಿತ್ಯವನ್ನೂ ಅಳೆಯತೊಡಗಿತ್ತು.

1910ರಲ್ಲಿ ಮದ್ರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಸಂಸ್ಥೆ ನಾಗರತ್ನಮ್ಮನವರ ಆವೃತ್ತಿಯನ್ನು ಹೊರತಂದಿತು. ಬಳ್ಳಾರಿ ಸೀಮೆಯ ತೆಲುಗು ಬಲ್ಲ ಮನೆಗಳಿಗೆ ವಾವಿಳ್ಳದ ಹೆಸರು ಹೊಸದಲ್ಲ, ಪುರಾಣ ಕಾವ್ಯಗಳ ಅಚ್ಚಿಗೆ ಅವರದು ಹೆಸರಾದ ಮನೆ. ಮುನ್ನುಡಿಯಲ್ಲಿ ನಾಗರತ್ನಮ್ಮ ಹೆದರದೆ ಬರೆದರು. ಇದು ಹೆಣ್ಣು ಬರೆದದ್ದು, ಅದರಲ್ಲೂ ನಮ್ಮ ಕುಲದಲ್ಲಿ ಹುಟ್ಟಿದವಳು ಬರೆದದ್ದು, ಅದಕ್ಕೇ ಸರಿಯಾದ ರೂಪದಲ್ಲಿ ಪ್ರಕಟಿಸಬೇಕೆಂದು ನನಗನ್ನಿಸಿತು ಎಂಬುದು ಅವರ ಮಾತಿನ ಸಾರ. ಪಂತುಲು ಅವರ ತೀರ್ಪಿಗೂ ನೇರ ಉತ್ತರ ಕೊಟ್ಟರು. ನಾಚಿಕೆ ಹೆಣ್ಣಿಗಷ್ಟೇ ಸಹಜವೇ, ಗಂಡಸಿಗೆ ಬೇಡವೇ ಎಂದು ಕೇಳಿದರು. ಗಂಡಸರು ಬರೆದ ‘ವೈಜಯಂತೀ ವಿಲಾಸಮು’ವಿನಂಥ ಕಾವ್ಯವನ್ನು ಇದೇ ಪಂತುಲು ಪರಿಶೀಲಿಸಿ ಅಚ್ಚಿಗೆ ಒಪ್ಪಿದ್ದಾರಲ್ಲ, ಅಲ್ಲಿಲ್ಲದ ಯಾವ ಅಶ್ಲೀಲ ಇಲ್ಲಿದೆ ಎಂದು ಕೇಳಿದರು. ಎದುರಿಗಿದ್ದವರು ಆ ಕಾಲದ ತೆಲುಗು ಸಾಹಿತ್ಯದ ದೊಡ್ಡ ಹೆಸರು. ಕೇಳುತ್ತಿರುವವರು ಕನ್ನಡ ನಾಡಿನಲ್ಲಿ ಹುಟ್ಟಿದ, ಕಚೇರಿ ಮಾಡಿ ಬದುಕುವ, ಮೂವತ್ತೆರಡರ ಪ್ರಾಯದ ದೇವದಾಸಿ ಮನೆತನದ ಹೆಂಗಸು. ಒಂದು ಕಾಲಕ್ಕೆ ಗುರು ಕೈಬಿಟ್ಟ ಹುಡುಗಿ ಈಗ ಎಲ್ಲಿಗೆ ಬಂದು ನಿಂತಿದ್ದಾಳೆ ಎಂಬುದನ್ನು ಈ ಮುನ್ನುಡಿಯಷ್ಟು ಸ್ಪಷ್ಟವಾಗಿ ಬೇರಾವ ಪ್ರಶಸ್ತಿಯೂ ಹೇಳಲಾರದು.

ಆಮೇಲಿನದು ಗದ್ದಲ. ಪತ್ರಿಕೆಯಲ್ಲಿ ಟೀಕೆ ಬಂತು. ಸರ್ಕಾರದ ಅನುವಾದಕ ಗೋಟೇಟಿ ಕನಕರಾಜು ಪಂತುಲು ಪುಸ್ತಕವನ್ನು ಆಕ್ಷೇಪಾರ್ಹವೆಂದರು. ಪೊಲೀಸ್ ಕಮಿಷನರ್ ಕನ್ನಿಂಗ್‌ಹ್ಯಾಮ್ ಪ್ರತಿಗಳ ಮುಟ್ಟುಗೋಲಿಗೆ ಇಳಿದರು. ಹಲವು ಪಂಡಿತರು ಪುಸ್ತಕದ ಪರವಾಗಿ ಸರ್ಕಾರಕ್ಕೆ ಬರೆದುಕೊಂಡರು, ಪ್ರಯೋಜನವಾಗಲಿಲ್ಲ. ಗಮನಿಸಬೇಕಾದದ್ದು ಒಂದಿದೆ. 1887ರಲ್ಲಿ ಅಚ್ಚಾದಾಗ ಇಷ್ಟು ಗಲಾಟೆ ಆಗಿರಲಿಲ್ಲ. ಆಗ ಪುಸ್ತಕದ ಮೇಲಿದ್ದದ್ದು ಗಂಡಸು ವಿದ್ವಾಂಸರ ಹೆಸರು. 1910ರ ಪ್ರತಿಯಲ್ಲಿ ಬರೆದ ಹೆಣ್ಣೂ ಕಾಣುತ್ತಿದ್ದಳು, ಸಂಪಾದಿಸಿದ ಹೆಣ್ಣೂ ಕಾಣುತ್ತಿದ್ದಳು, ಇಬ್ಬರೂ ತಮ್ಮ ಕುಲವನ್ನು ಮುಚ್ಚಿಡದೆ ಹೇಳುತ್ತಿದ್ದರು. ತಕರಾರು ಪದ್ಯಗಳ ಮೇಲಷ್ಟೇ ಇತ್ತೆಂದು ನಾನು ನಂಬುವುದಿಲ್ಲ.

ನಾಗರತ್ನಮ್ಮನ ಹಾಗೆ, ತಮ್ಮನ್ನು ಕೀಳಾಗಿ ಕಂಡ ಸಂಬಂಧದಿಂದ ಹೊರಬಂದವರು ಬೆಳೆಯುತ್ತಾರೆಂಬುದನ್ನು ಮನಶ್ಶಾಸ್ತ್ರ ಬಹಳ ತಡವಾಗಿ ಅಳೆಯತೊಡಗಿತು. ಮೊದಲೆಲ್ಲ ಸಂಬಂಧ ಮುರಿದರೆ ಏನು ಕೆಡುತ್ತದೆ ಎಂಬುದರ ಲೆಕ್ಕವೇ ಹೆಚ್ಚು. ಅಮೆರಿಕದ ರಿಚರ್ಡ್ ಟೆಡೆಸ್ಕಿ, ಲಾರೆನ್ಸ್ ಕ್ಯಾಲ್‌ಹೌನ್ 1990ರ ದಶಕದಲ್ಲಿ ಆಘಾತದ ನಂತರದ ಬೆಳವಣಿಗೆ ಎಂಬ ವಿಚಾರಕ್ಕೆ ಒಂದು ಹೆಸರು, ಒಂದು ಅಳತೆಪಟ್ಟಿ ಕೊಟ್ಟರು. 2003ರಲ್ಲಿ ಟೈ ತಾಶಿರೊ, ಪೆಟ್ರೀಷಿಯಾ ಫ್ರೇಜಿಯರ್ ಪ್ರೇಮ ಮುರಿದುಬಿದ್ದ 92 ವಿದ್ಯಾರ್ಥಿಗಳನ್ನು ಕೇಳಿದಾಗ ಒಬ್ಬೊಬ್ಬರೂ ಸರಾಸರಿ ಐದು ಬಗೆಯ ಒಳ್ಳೆಯ ಬದಲಾವಣೆ ಹೇಳಿದರು. 2007ರಲ್ಲಿ ಗ್ಯಾರಿ ಲೆವಾಂಡೋವ್ಸ್ಕಿ ಮತ್ತು ನಿಕೋಲ್ ಬಿಜೋಕೊ ಇನ್ನೂ ಹತ್ತಿರ ಬಂದರು: ಇದ್ದಾಗ ಬೆಳೆಯಲು ಜಾಗ ಕೊಡದ ಸಂಬಂಧ ಮುಗಿದ ಮೇಲೆ ಜನ ತಮ್ಮನ್ನು ತಾವು ಮತ್ತೆ ಕಂಡುಕೊಂಡೆವೆಂದು ಹೇಳುವುದು ಹೆಚ್ಚು. ಇವೆಲ್ಲ ಕೇಳಿ ಬರೆದುಕೊಂಡ ಉತ್ತರಗಳು, ಬೆಳೆದೆ ಎಂದು ಹೇಳುವುದಕ್ಕೂ ಬೆಳೆದು ತೋರಿಸುವುದಕ್ಕೂ ಅಂತರವಿದೆ. ನಾಗರತ್ನಮ್ಮನ ಕತೆ ನನಗೆ ದೊಡ್ಡದಾಗಿ ಕಾಣುವುದು ಅದಕ್ಕೇ. ಅವರ ಬೆಳವಣಿಗೆ ‘ನಾನೇನೆಂದು ಅವರಿಗೆ ತೋರಿಸಿದೆ’ ಎಂಬಲ್ಲಿಗೆ ನಿಲ್ಲಲಿಲ್ಲ. ಹದಿನೈದರಲ್ಲೇ ಸಭೆ ಗೆದ್ದಾಗ ಆ ಲೆಕ್ಕ ಚುಕ್ತಾ ಆಗಿತ್ತು. ಆಮೇಲೆ ಅವರು ತಮಗಾದ ಅವಮಾನದಿಂದ ಬಂದ ತಿಳಿವನ್ನು ತಮಗಿಂತ ಹಿಂದೆ ಸತ್ತುಹೋದ, ಮಾತಾಡಲಾರದ ಇನ್ನೊಬ್ಬಳ ಪರವಾಗಿ ದುಡಿಸಿದರು. ಪಂಡಿತರ ಬಳಿ ಇಲ್ಲದೆ ಅವರ ಬಳಿ ಇದ್ದದ್ದು ಅದೊಂದೇ ಸಾಧನ.

ಅದೇ ಕಣ್ಣು ಇನ್ನೊಮ್ಮೆ ಕೆಲಸ ಮಾಡಿತು. 1921ರಲ್ಲಿ, ಅವರು ಗುರುವೆಂದು ಭಾವಿಸಿದ್ದ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ತಿರುವೈಯಾರಿನ ಸುದ್ದಿ ಬಂತು. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಸಮಾಧಿ ಕಾವೇರಿಯ ದಂಡೆಯಲ್ಲಿ ಕೇಳುವವರಿಲ್ಲದೆ ಪಾಳುಬಿದ್ದಿದೆ ಎಂದು. 1903ರಲ್ಲಿ ಶಿಷ್ಯರು ಒಮ್ಮೆ ದುರಸ್ತಿ ಮಾಡಿಸಿದ್ದರು, ಮತ್ತೆ ಮರೆತಿದ್ದರು. ಆರಾಧನೆಯ ಹೆಸರಿನಲ್ಲಿ ಎರಡು ಗುಂಪು ಜಗಳವಾಡುತ್ತಿದ್ದವು, ಸಮಾಧಿಯನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ನಾಗರತ್ನಮ್ಮ ಜಾಗ ಕೊಂಡು, ಒಡವೆ ಮಾರಿ, ಗುಡಿ ಕಟ್ಟಿಸಿ ಅದೇ ದಶಕದ ನಡುವಿನಲ್ಲಿ ಮೂರ್ತಿ ಪ್ರತಿಷ್ಠೆ ಮಾಡಿಸಿದರು. ಕಟ್ಟಿಸಿದವರೇ ಹೆಂಗಸು, ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ! 1927ರಲ್ಲಿ ಅವರು ಹೆಣ್ಣುಮಕ್ಕಳದೇ ಗುಂಪು ಕಟ್ಟಿಕೊಂಡು ಗುಡಿಯ ಇನ್ನೊಂದು ಬದಿಯಲ್ಲಿ ಹಾಡಿಸಿದರು. 1940ರ ಹೊತ್ತಿಗೆ ಮೂರೂ ಗುಂಪು ಒಂದಾದವು. ಇವತ್ತು ಪಂಚರತ್ನ ಕೃತಿಗಳ ಗೋಷ್ಠಿಯಲ್ಲಿ ಕೂತು ಹಾಡುವ ಹೆಣ್ಣುಮಕ್ಕಳೆಲ್ಲ ಆ ಹಟದ ಫಲ ಉಣ್ಣುತ್ತಿದ್ದಾರೆ.

ಒಂದು ವಿಚಾರದಲ್ಲಿ ನಾನು ಅವರ ಜೊತೆ ಪೂರ್ತಿ ನಿಲ್ಲಲಾರೆ. ದೇವದಾಸಿ ಪದ್ಧತಿ ನಿಷೇಧಿಸುವ ಮಸೂದೆ ಮುತ್ತುಲಕ್ಷ್ಮಿ ರೆಡ್ಡಿಯವರ ಮುಂದಾಳತ್ವದಲ್ಲಿ ಮದ್ರಾಸಿನಲ್ಲಿ ಬಂದಾಗ ನಾಗರತ್ನಮ್ಮ ತಮ್ಮ ಸಮುದಾಯದ ಸಂಘದ ಜೊತೆ ನಿಂತು ವಿರೋಧಿಸಿದರು. ನಮ್ಮ ಬಳ್ಳಾರಿ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಬಡ ದಲಿತ ಹುಡುಗಿಯರ ಪಾಡು ಕಂಡವರಿಗೆ ಆ ವಿರೋಧ ಒಪ್ಪಿಗೆಯಾಗುವುದು ಕಷ್ಟ. 1947ರ ಮದ್ರಾಸ್ ಕಾಯ್ದೆ ನಮ್ಮ ಜಿಲ್ಲೆಗೂ ಬಂತು, ಆದರೂ 1982ರಲ್ಲಿ ಕರ್ನಾಟಕ ಮತ್ತೊಂದು ಕಾಯ್ದೆ ತರಬೇಕಾಯಿತೆಂದರೆ ರೋಗದ ಆಳ ಗೊತ್ತಾಗುತ್ತದೆ. ಆದರೆ ಅವರ ವಾದದಲ್ಲಿ ಕೇಳಬೇಕಾದ ಒಂದು ಭಾಗವಿತ್ತು. ಪದ್ಧತಿಯನ್ನು ತೆಗೆಯುವವರು ಆ ಹೆಂಗಸರ ವಿದ್ಯೆಯನ್ನೂ ಹೊಲಸೆಂದು ಜೊತೆಗೆ ಗುಡಿಸಿ ಹಾಕುತ್ತಿದ್ದರು. ಓದು ಬಲ್ಲ, ಹಾಡು ಬಲ್ಲ, ಆಸ್ತಿ ಇದ್ದ ಹೆಂಗಸರನ್ನು ಅವರ ಅಭಿಪ್ರಾಯ ಕೇಳದೆಯೇ ಉದ್ಧಾರ ಮಾಡಲು ಹೊರಟಿದ್ದರು. ಅಳೆಯದೆ ತೀರ್ಪು ಕೊಡುವ ಹಳೆಯ ಚಾಳಿ ಅಲ್ಲಿಯೂ ಇತ್ತು, ಅದನ್ನು ಅವರು ಗುರುತಿಸಿದ್ದರಲ್ಲಿ ತಪ್ಪಿಲ್ಲ.

ಪುಸ್ತಕದ ಮೇಲಿನ ನಿಷೇಧ ಬಿದ್ದುಹೋದದ್ದು ಟಂಗುಟೂರಿ ಪ್ರಕಾಶಂ ಮದ್ರಾಸ್ ಪ್ರಾಂತದ ಪ್ರಧಾನಿಯಾದ ಮೇಲೆ. ತೆಲುಗು ಸಾಹಿತ್ಯದ ಹಾರಕ್ಕೆ ಕಳೆದುಹೋದ ಮುತ್ತುಗಳನ್ನು ಮತ್ತೆ ಪೋಣಿಸುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಆಗ ಅವರು ಆಡಿದರಂತೆ. ವಾವಿಳ್ಳದವರು 1952ರಲ್ಲಿ ಪುಸ್ತಕವನ್ನು ಮತ್ತೆ ತಂದರು. ನಾಗರತ್ನಮ್ಮ ತೀರಿಕೊಂಡದ್ದು ಅದೇ ವರ್ಷ, ಮೇ 19ರಂದು. ತಿರುವೈಯಾರಿನಲ್ಲಿ ತ್ಯಾಗರಾಜರ ಗುಡಿಯ ಎದುರಿಗೇ ಅವರ ಸಮಾಧಿಯಿದೆ.

ನಿಷೇಧ ತೆಗೆದ ಮಾತ್ರಕ್ಕೆ ಪುಸ್ತಕ ಓದುಗರ ಕೈಗೆ ಬರಲಿಲ್ಲ. 1980ರ ದಶಕದಲ್ಲಿ ಸೂಸಿ ಥಾರು ಮತ್ತು ಕೆ. ಲಲಿತಾ ಭಾರತದ ಮಹಿಳೆಯರ ಬರಹಗಳನ್ನು ಕಲೆಹಾಕಲು ಕೂತಾಗ ತೆಲುಗು ವಿದ್ವಾಂಸರಲ್ಲಿ ಹಲವರು ಆ ಕಾವ್ಯವನ್ನು ಓದದೆಯೇ ಕೀಳೆಂದು ಬಲ್ಲವರಾಗಿದ್ದರು. 1991ರಲ್ಲಿ ಹೊರಬಂದ ಆ ಸಂಕಲನದ ಮುನ್ನುಡಿ ನಾಗರತ್ನಮ್ಮನ ಈ ಹುಡುಕಾಟದಿಂದಲೇ ಶುರುವಾಗುತ್ತದೆ. 2007ರಲ್ಲಿ ವಿ. ಶ್ರೀರಾಮ್ ನಾಗರತ್ನಮ್ಮನವರ ಜೀವನಚರಿತ್ರೆ ಬರೆದರು. ತಮಿಳುನಾಡು ಗುಡಿಯ ಮೂಲಕ, ಆಂಧ್ರ ಪುಸ್ತಕದ ಮೂಲಕ ಅವರನ್ನು ನೆನೆಯುತ್ತವೆ. ಹೆಸರಿನಲ್ಲೇ ಬೆಂಗಳೂರನ್ನು ಹೊತ್ತು ಬದುಕಿದ ಹೆಂಗಸಿನ ಬಗ್ಗೆ ಕರ್ನಾಟಕದ ಶಾಲೆಯ ಪಾಠಗಳು ಇನ್ನಷ್ಟು ಹೇಳಬೇಕು. ಎರಡೂ ಭಾಷೆ ನಾಲಿಗೆಯ ಮೇಲಿರುವ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರಂತೂ ಮುದ್ದುಪಳನಿಯನ್ನು ಮೂಲದಲ್ಲೇ ಓದಬಲ್ಲವರು. ಸುತ್ತಿನ ಹಳ್ಳಿಗಳ ಹಳೆಯ ಮನೆಗಳಲ್ಲಿ ಅಜ್ಜ ಅಜ್ಜಿಯರ ಕಾಲದ ತೆಲುಗು ಪುಸ್ತಕಗಳು ಟ್ರಂಕಿನಲ್ಲಿ, ಅಟ್ಟದ ಮೇಲೆ ಇನ್ನೂ ಇವೆ. ಹಳೆ ಪೇಪರ್ ಕೊಳ್ಳುವವನ ತಕ್ಕಡಿಗೆ ಹಾಕುವ ಮುಂಚೆ ಅವುಗಳ ಮೊದಲ ಹತ್ತು ಪುಟ ತೆಗೆದು ನೋಡಿ. ಬರೆದದ್ದು ಹೆಣ್ಣೇ, ಅಚ್ಚು ಹಾಕಿಸಿದ್ದು ಹೆಣ್ಣೇ, ತಾಯಿಯ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಿ. ಇದ್ದರೆ ಪುಸ್ತಕವನ್ನು ತೆಗೆದಿಟ್ಟು ಹತ್ತಿರದ ಕಾಲೇಜಿನ ಕನ್ನಡ ಇಲ್ಲವೆ ತೆಲುಗು ಮೇಷ್ಟರಿಗೆ ತೋರಿಸಿ.